ಜೋಮು ಹಿಡಿದ ಬೆರಳುಗಳು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ನೂರ ಇಪ್ಪತ್ತು ಮೊಟ್ಟೆಗಳಿಗೆ ಚುಚ್ಚಿದೆ. ಎರಡು ಗಂಟೆಗೆ ಮನೆಗೆ ಬಂದೆ. ಬಟ್ಟೆ ಒಗೆದೆ. ಅಕ್ಕ ತೀರಿಹೋಗಿ ಇವತ್ತಿಗೆ ಆರು ವಾರ.

ಬರೆಯಬೇಕೆಂದು ಕೂತದ್ದಲ್ಲ. ಸಂಜೆ ಉದ್ದವಾಗಿದೆ, ಅಷ್ಟೇ.

ಮಾರ್ಚ್ 5, ಬುಧವಾರ

ಎಂದಿನಂತೆ.

ಮಾರ್ಚ್ 10, ಸೋಮವಾರ

ಮನೆಯಲ್ಲಿ ಈಗ ಭಾವ ಮತ್ತು ನಾನು ಇಬ್ಬರೇ. ಅಕ್ಕನ ಮದುವೆಯಾದಾಗ ನನಗೆ ಹದಿನಾಲ್ಕು. ಅವಳ ಬೆನ್ನಿಗೇ ಈ ಮನೆಗೆ ಬಂದೆ. ಈಗ ನಲವತ್ತಾರು. ಇಷ್ಟು ವರ್ಷಗಳಲ್ಲಿ ಭಾವನೂ ನಾನೂ ನೇರವಾಗಿ ಮಾತಾಡಿದ್ದು ಕಡಿಮೆ. ಮಾತೆಲ್ಲ ಅಕ್ಕನ ಮೂಲಕ ಹೋಗಿ ಅಕ್ಕನ ಮೂಲಕ ಬರುತ್ತಿತ್ತು. ‘ಅವಳಿಗೆ ಹೇಳು’, ‘ಅವರನ್ನು ಕೇಳು’ ಎಂದು. ಈಗ ನಡುವೆ ಯಾರೂ ಇಲ್ಲದೆ ಅನ್ನ ಬಡಿಸಿಕೊಳ್ಳುವ ಸದ್ದಷ್ಟೇ ಉಳಿದಿದೆ.

ಇವತ್ತು ಊಟದ ಹೊತ್ತಿಗೆ ಭಾವ ಮೌನ ಮುರಿಯಲೆಂದೇ ಇರಬೇಕು, ಕೇಳಿದರು. “ಅಲ್ಲ ಮರಿ, ಹದಿನೇಳು ವರ್ಷದಿಂದ ಆ ಪ್ರಯೋಗಾಲಯಕ್ಕೆ ಹೋಗ್ತಿದೀಯ. ನೀನು ಮಾಡೋದೇನು ಅಂತ ನಂಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ ನೋಡು.”

ಹೇಳಿದೆ. ಜೀಬ್ರಾ ಮೀನಿನ ಮೊಟ್ಟೆ ಸಾಸಿವೆಗಿಂತ ಚಿಕ್ಕದು, ಗಾಜಿನ ಹಾಗೆ ಪಾರದರ್ಶಕ. ಮೇಲೆ ಒಂದೇ ಒಂದು ಜೀವಕೋಶ, ಕೆಳಗೆ ಹಳದಿ. ಆ ಒಂದು ಕೋಶ ಎರಡಾಗಿ, ನಾಲ್ಕಾಗಿ, ಸಾವಿರಗಟ್ಟಲೆಯಾಗಿ, ತಲೆಗೆ ಟೋಪಿ ಎಳೆದುಕೊಂಡ ಹಾಗೆ ಹಳದಿಯ ಮೇಲೆ ಇಳಿಯುತ್ತಾ ಬರುತ್ತದೆ. ಬೆಳಿಗ್ಗೆ ಇಟ್ಟ ಮೊಟ್ಟೆ ಸಂಜೆಯೊಳಗೆ ಪೂರ್ತಿ ಮುಚ್ಚಿಕೊಳ್ಳಬೇಕು. ಮುಚ್ಚಿಕೊಂಡ ಮೇಲೇ ಅದು ಮೀನಾಗುವ ದಾರಿ. ಟೋಪಿಯ ಅಂಚಿನಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಸೇರಿ ಒಂದು ಉಂಗುರ ಕಟ್ಟುತ್ತವೆ. ಆ ಉಂಗುರ ಬಿಗಿಯುತ್ತಾ ಹೋದಂತೆ ಬಾಯಿ ಮುಚ್ಚುತ್ತದೆ. ಎಳೆ ಯಾವಾಗ ಕಟ್ಟಬೇಕು, ಎಲ್ಲಿ ಕಟ್ಟಬೇಕು ಎನ್ನುವುದನ್ನು ನಿಯಂತ್ರಿಸುವ ಜೀನ್‌ಗಳಿವೆ. ಅದರಲ್ಲಿ ಒಂದನ್ನು ಸುಮ್ಮನಾಗಿಸಿದರೆ ಏನಾಗುತ್ತದೆ ಎಂದು ನಮ್ಮವರು ನೋಡುತ್ತಿದ್ದಾರೆ. ಸುಮ್ಮನಾಗಿಸುವ ದ್ರಾವಣವನ್ನು ಸೂಜಿಯಿಂದ ಮೊಟ್ಟೆಗೆ ಚುಚ್ಚುವವಳು ನಾನು.

ಭಾವ ಅನ್ನ ಕಲಸುತ್ತಾ ಹೇಳಿದರು. “ಅಂದ್ರೆ ಚಡ್ಡಿ ಲಾಡಿ.”

“ಹೂಂ. ಹಾಗೇ.”

“ಲಾಡಿ ಎಳೆಯೋ ಜೀನು.”

ನಗಬೇಕಿತ್ತು. ತಟ್ಟೆಗಳನ್ನು ತೊಳೆದಿಟ್ಟೆ.

ಮಾರ್ಚ್ 14, ಶುಕ್ರವಾರ

ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತೆ ಜೋಮು ಹಿಡಿದವು. ಚಳಿಗಾಲದಿಂದಲೇ ಇತ್ತು, ಆಗ ಕೈ ಕೊಡವಿದರೆ ಬಿಡುತ್ತಿತ್ತು. ಈಗ ಅರ್ಧ ಗಂಟೆ ಸೂಜಿ ಹಿಡಿದರೆ ಬೆರಳು ನನ್ನದಲ್ಲ. ಯಾರಿಗೂ ಹೇಳಿಲ್ಲ. ಪ್ರಯೋಗಾಲಯದಲ್ಲಿ ಚುಚ್ಚಲು ಬರುವುದು ನನಗೊಬ್ಬಳಿಗೆ. ಚುಚ್ಚುವುದು ಬಿಟ್ಟರೆ ನನಗೆ ಅಲ್ಲಿ ಬೇರೆ ಕೆಲಸವೂ ಇಲ್ಲ.

ಮಾರ್ಚ್ 17, ಸೋಮವಾರ

ಪಟಾಕಿ ಕುಣಿದಾಡುತ್ತಿದ್ದಾಳೆ. ಸಂಶೋಧನಾ ವಿದ್ಯಾರ್ಥಿನಿ. ಒಂದು ಮಾತು ಕೇಳಿದರೆ ಹತ್ತು ಸಿಡಿಯುವುದರಿಂದ ಆ ಹೆಸರು. ಐದು ವರ್ಷದ ಅವಳ ಪ್ರಬಂಧ ನಿಂತಿರುವುದು ಇದೊಂದು ಜೀನಿನ ಮೇಲೆ.

“ಆಂಟೀ, ನೋಡಿ ಇಲ್ಲಿ! ಸಾದಾ ದ್ರಾವಣ ಚುಚ್ಚಿದ ತಟ್ಟೆಯಲ್ಲಿ ಅರವತ್ತಕ್ಕೆ ಐವತ್ತಾರು ಪೂರ್ತಿ ಮುಚ್ಚಿವೆ. ಜೀನ್ ಸುಮ್ಮನಾಗಿಸಿದ ತಟ್ಟೆಯಲ್ಲಿ ನಲವತ್ತೇಳು ಅರ್ಧಕ್ಕೇ ನಿಂತಿವೆ. ಅರ್ಧಕ್ಕೇ! ಮೂರನೇ ಸಲ ಇದೇ ಬರ್ತಿದೆ. ಇನ್ನೇನು ಬೇಕು?”

“ಒಳ್ಳೆಯದಾಯ್ತು,” ಎಂದೆ.

“ಇಷ್ಟೇನಾ? ಸ್ವಲ್ಪ ಖುಷಿ ಪಡಿ ಆಂಟಿ, ತೆರಿಗೆ ಹಾಕಲ್ಲ ಯಾರೂ.”

ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕೂಡ ಬಂದು ನೋಡಿದರು. ಮುಂದಿನ ತಿಂಗಳು ದೊಡ್ಡ ಸಭೆಯಲ್ಲಿ ಪಟಾಕಿ ಇದನ್ನು ಮಂಡಿಸಬೇಕಂತೆ. ನನ್ನ ಬೆನ್ನು ತಟ್ಟಿ, “ನಿಮ್ಮ ಕೈಗೆ ವಿಮೆ ಮಾಡಿಸಬೇಕು,” ಎಂದರು. ಕೈಯನ್ನು ಜೇಬಿನಲ್ಲಿಟ್ಟುಕೊಂಡೆ.

ಮಾರ್ಚ್ 18, ಮಂಗಳವಾರ

ಭಾವನ ಅಕ್ಕ ಫೋನ್ ಮಾಡಿದ್ದರು. ಮೊದಲು ಆರೋಗ್ಯ ಕೇಳಿದರು. ಆಮೇಲೆ, “ನೀನೂ ಒಂದು ದಾರಿ ನೋಡ್ಕೋಬೇಕಲ್ಲಮ್ಮಾ. ಅವಳಿದ್ದಾಗ ಬೇರೆ. ಈಗ ಒಂದೇ ಸೂರಿನಡಿ ನೀವಿಬ್ಬರೇ ಅಂದ್ರೆ ನಾಲ್ಕು ಜನ ನಾಲ್ಕು ಮಾತಾಡ್ತಾರೆ,” ಎಂದರು. ಆಗಲಿ ಎಂದೆ. ಕೋಪ ಬರಲಿಲ್ಲ. ಬೇಸರವೂ ಆಗಲಿಲ್ಲ. ಹವಾಮಾನದ ವರದಿ ಕೇಳಿದ ಹಾಗೆ ಕೇಳಿದೆ.

ಮಾರ್ಚ್ 21, ಶುಕ್ರವಾರ

ಒಂದು ವಿಷಯ ತಲೆಗೆ ಹೊಕ್ಕಿದೆ, ಹೊರಗೆ ಹೋಗುತ್ತಿಲ್ಲ.

ಏಳು ಗಂಟೆಗೆ ಮೀನುಕೋಣೆಯ ದೀಪ ಹತ್ತುತ್ತದೆ. ಗಂಡು ಹೆಣ್ಣಿನ ನಡುವಿನ ಪರದೆ ತೆಗೆದ ಕಾಲು ಗಂಟೆಯಲ್ಲಿ ಮೊಟ್ಟೆ. ಮೊದಲ ಕೋಶ ಎರಡಾಗುವ ಮುಂಚೆ ಚುಚ್ಚಿ ಮುಗಿಸಬೇಕು, ಹೆಚ್ಚೆಂದರೆ ಮುಕ್ಕಾಲು ಗಂಟೆ. ನಾನು ಯಾವಾಗಲೂ ಸಾದಾ ದ್ರಾವಣದ ತಟ್ಟೆಯನ್ನು ಮೊದಲು ಮುಗಿಸುತ್ತೇನೆ, ಜೀನಿನ ತಟ್ಟೆ ಆಮೇಲೆ. ಹದಿನೇಳು ವರ್ಷದ ರೂಢಿ. ಮೊದಲ ತಟ್ಟೆ ಮುಗಿಯುವ ಹೊತ್ತಿಗೆ ಬೆರಳಿಗೆ ಜೋಮು ಹತ್ತಿರುತ್ತದೆ.

ಅಂದರೆ ಸಾದಾ ತಟ್ಟೆಗೆ ಒಳ್ಳೆಯ ಕೈ. ಜೀನಿನ ತಟ್ಟೆಗೆ ಸತ್ತ ಕೈ.

ಸೂಜಿ ಕೂದಲೆಳೆಯಷ್ಟು ಆಳಕ್ಕೆ ಹೋದರೂ ಹಳದಿ ಹರಿಯುತ್ತದೆ. ಹರಿದ ಮೊಟ್ಟೆಯ ಬಾಯಿ ಮುಚ್ಚುವುದಿಲ್ಲ.

ಮಾರ್ಚ್ 24, ಸೋಮವಾರ

ಇವತ್ತು ತಟ್ಟೆಗಳನ್ನು ಅದಲು ಬದಲು ಮಾಡಿದೆ. ಜೀನಿನದು ಮೊದಲು, ಸಾದಾ ಆಮೇಲೆ. ಪಟಾಕಿ ರಜೆಯಲ್ಲಿದ್ದಳು, ಯಾರೂ ಕೇಳಲಿಲ್ಲ. ಎಂದೂ ಎರಡು ಗಂಟೆಯ ಮೇಲೆ ನಿಲ್ಲದವಳು ಮೂರರವರೆಗೆ ಕೂತು ನೋಡಿದೆ.

ಜೀನಿನ ತಟ್ಟೆಯಲ್ಲಿ ಎಲ್ಲವೂ ಇಳಿಯುತ್ತಿದ್ದವು. ಸ್ವಲ್ಪ ನಿಧಾನ, ಆದರೆ ಇಳಿಯುತ್ತಿದ್ದವು. ಸಾದಾ ತಟ್ಟೆಯಲ್ಲಿ, ಏನೂ ಆಗಬಾರದ ಆ ತಟ್ಟೆಯಲ್ಲಿ, ಮೂವತ್ತೊಂಬತ್ತು ಅರ್ಧಕ್ಕೆ ನಿಂತಿದ್ದವು. ಕೆಲವು ಒಡೆದು ತಟ್ಟೆಯ ನೀರು ಮಂಜಾಗಿತ್ತು.

ಎರಡು ಸಲ ಎಣಿಸಿದೆ. ತಟ್ಟೆಯನ್ನು ತೊಳೆದೆ. ಬಸ್ಸಿಗೆ ಕಾಯದೆ ನಡೆದೇ ಬಂದೆ.

ಮಾರ್ಚ್ 25, ಮಂಗಳವಾರ

ಹೇಳಲಿಲ್ಲ.

ಮಾರ್ಚ್ 26, ಬುಧವಾರ

ಹೇಳಲಿಲ್ಲ. ಪಟಾಕಿ ತನ್ನ ಚಿತ್ರಪಟಗಳಿಗೆ ಬಣ್ಣ ಆರಿಸುತ್ತಿದ್ದಳು. ನೀಲಿಯೋ ಹಸಿರೋ ಎಂದು ನನ್ನನ್ನು ಕೇಳಿದಳು. ಹಸಿರು ಎಂದೆ.

ಮಾರ್ಚ್ 29, ಶನಿವಾರ

ಚಹಾದ ಲೋಟ ಕೈಯಿಂದ ಜಾರಿತು. ಜಾರಿದ್ದು ಗೊತ್ತಾದದ್ದು ನೆಲಕ್ಕೆ ಬಿದ್ದ ಮೇಲೆ. ಭಾವ ಪೊರಕೆ ತಂದು ಗಾಜು ಗುಡಿಸಿದರು. ಗುಡಿಸುತ್ತಲೇ ಕೇಳಿದರು.

“ಎಷ್ಟು ದಿನದಿಂದ?”

“ಏನು?”

“ನಾನು ಮೂವತ್ತು ವರ್ಷ ಬಸ್ಸು ಓಡಿಸಿದೋನು ಮರಿ. ಹಿಂದೆ ಏನಾಗ್ತಿದೆ ಅಂತ ಕನ್ನಡಿಯಲ್ಲಿ ನೋಡೋದೇ ನನ್ನ ಕಸುಬು. ಎರಡು ತಿಂಗಳಿಂದ ಎಡಗೈಯಲ್ಲಿ ತರಕಾರಿ ಹೆಚ್ತಿದೀಯ.”

ಹೇಳಿಬಿಟ್ಟೆ. ಕೈಯಿಂದ ಶುರು ಮಾಡಿ ತಟ್ಟೆಯವರೆಗೆ. ಅವರು ಮೊರದ ಗಾಜನ್ನು ಕಾಗದದಲ್ಲಿ ಸುತ್ತಿದರು.

“ನಮ್ಮ ಡಿಪೋದಲ್ಲಿ ಒಬ್ಬನಿದ್ದ. ಒಂದು ಕಣ್ಣು ಮಂಜಾಗಿತ್ತು, ಯಾರಿಗೂ ಹೇಳಿರಲಿಲ್ಲ. ಕೆಲಸ ಹೋಗತ್ತಲ್ಲ, ಅದಕ್ಕೆ. ಒಂದು ಅಪಘಾತನೂ ಆಗಲಿಲ್ಲ ಅವನಿಗೆ, ಪುಣ್ಯ. ಆದ್ರೆ ಐದು ವರ್ಷ ಒಂದು ದಿನನೂ ನೆಮ್ಮದಿಯಾಗಿ ಸ್ಟೇರಿಂಗ್ ಹಿಡೀಲಿಲ್ಲ ಅವನು. ನಿವೃತ್ತಿ ದಿನ ನನ್ನ ಹತ್ರ ಹೇಳಿ ಮಗು ಥರ ಅತ್ತ.”

“ಪಟಾಕಿಯ ಐದು ವರ್ಷ ಹಾಳಾಗುತ್ತೆ ಭಾವ.”

“ಹಾಳಾಗಿರೋದು ಆಗೋಗಿದೆ. ನೀನು ಹೇಳಿದ್ರೆ ಅವಳಿಗೆ ಗೊತ್ತಾಗತ್ತೆ ಅಷ್ಟೇ.”

ಮತ್ತೆ ಇನ್ನೊಂದು ಮಾತೂ ಆಡಿದರು, ತಲೆ ಎತ್ತದೆ. “ನಮ್ಮಕ್ಕ ನಿನಗೆ ಫೋನ್ ಮಾಡಿದ್ಲಂತೆ. ನಿನಗೇ ಹೋಗಬೇಕು ಅನ್ನಿಸಿದ್ರೆ ಹೇಳು, ಮನೆ ನಾನೇ ಹುಡುಕಿಕೊಡ್ತೀನಿ. ಬೇರೆಯವರಿಗೆ ಅನ್ನಿಸಿದ್ರೆ ಅವರೇ ಬಂದು ಹುಡುಕಲಿ.”

ನೆಲವನ್ನು ಇನ್ನೊಮ್ಮೆ ಒರೆಸಿದೆ. ಚೂರು ಉಳಿದಿರಬಹುದು.

ಏಪ್ರಿಲ್ 2, ಬುಧವಾರ

ಹೇಳಿದೆ. ಮೇಡಂ ಕೋಣೆಯಲ್ಲಿ, ಪಟಾಕಿಯ ಎದುರಿಗೇ. ಹದಿಮೂರು ವಾಕ್ಯಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಓದಿದೆ. ಬೇರೆ ಯಾರದೋ ಪತ್ರ ಓದುತ್ತಿರುವ ಹಾಗಿತ್ತು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಯಾವ ತಾರೀಖಿನಿಂದ?”

“ಖಚಿತವಾಗಿ ಗೊತ್ತಿಲ್ಲ. ಡಿಸೆಂಬರಿನಿಂದ ಎಲ್ಲವನ್ನೂ ಬಿಟ್ಟುಬಿಡಿ.”

“ಅಂದ್ರೆ ಮೂರೂ ಸಲದ್ದು.”

“ಹೌದು.”

ಪಟಾಕಿ ಬಾಯಿ ಬಿಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಬಹಳ ದಿನಗಳ ಮೇಲೆ ಮನಸ್ಸಿಗೆ ಏನೋ ಒಂದು ಆಯಿತು ಎಂದರೆ ಅದೇ. ಆಮೇಲೆ ಎದ್ದು ನಿಂತಳು.

“ಡಿಸೆಂಬರಿನಿಂದ ಗೊತ್ತಿತ್ತಾ ನಿಮಗೆ, ಕೈ ಸರಿಯಿಲ್ಲ ಅಂತ?”

“ಕೈ ಗೊತ್ತಿತ್ತು. ತಟ್ಟೆ ಗೊತ್ತಿರಲಿಲ್ಲ.”

“ನಾನು ಹಸಿರು ಬಣ್ಣ ಹಾಕ್ತಾ ಕೂತಿದ್ದಾಗ?”

“ಆಗ ಎರಡೂ ಗೊತ್ತಿತ್ತು.”

ಬಾಗಿಲು ಹಾಕಿಕೊಂಡು ಹೋದಳು. ಜೋರಾಗಿ ಹಾಕಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹಾಕಿದಳು.

ಮೇಡಂ ಬೈಯಲಿಲ್ಲ. “ಅಕ್ಕನ ವಿಷಯ ನಡೀತಿತ್ತಲ್ಲ ಆಗ,” ಎಂದರು. ಅದು ಕಾರಣವಲ್ಲ ಎಂದೆ. ಸಭೆಯಲ್ಲಿನ ಮಂಡನೆ ರದ್ದಾಯಿತು. ನನ್ನ ಕೆಲಸದ ಬಗ್ಗೆ ಆಮೇಲೆ ಮಾತಾಡೋಣ ಎಂದರು.

ಏಪ್ರಿಲ್ 9, ಬುಧವಾರ

ಭಾವ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ. ಡಾಕ್ಟರು ಬೆರಳ ತುದಿಗೆ ಸೂಜಿ ಮುಟ್ಟಿಸುತ್ತಾ ‘ಗೊತ್ತಾಗುತ್ತಾ, ಈಗ?’ ಎಂದು ಕೇಳುತ್ತಾ ಹೋದರು. ಇಲ್ಲ, ಇಲ್ಲ, ಇಲ್ಲ. ಕಿರುಬೆರಳಿಗೆ ಬಂದಾಗ ಹೌದು. ಸಣ್ಣ ಶಸ್ತ್ರಚಿಕಿತ್ಸೆ, ಮೇ ಎರಡನೇ ವಾರ. ಸ್ಪರ್ಶ ವಾಪಸ್ ಬರಬಹುದು, ಬಂದರೂ ಪೂರ್ತಿ ಬರುತ್ತದೆಂದು ಹೇಳಲಾಗದು, ತಿಂಗಳುಗಳೇ ಹಿಡಿಯಬಹುದು ಎಂದರು.

“ಬರುವಾಗ ನೋಯತ್ತಾ?” ಭಾವ ಕೇಳಿದರು.

“ಚುರುಚುರು ಅನ್ನತ್ತೆ. ಅದು ಒಳ್ಳೆಯದೇ.”

ಏಪ್ರಿಲ್ 16, ಬುಧವಾರ

ಮೇಡಂ ನನಗೆ ಕೊಟ್ಟಿರುವ ಕೆಲಸ: ಪಟಾಕಿಗೆ ಚುಚ್ಚುವುದನ್ನು ಕಲಿಸುವುದು. ಪಟಾಕಿ ಒಪ್ಪಿದ್ದು ಬೇರೆ ದಾರಿಯಿಲ್ಲದೆ. ಮೊದಲ ಮೂರು ದಿನ ‘ಹೂಂ’, ‘ಊಹೂಂ’ ಬಿಟ್ಟರೆ ಮಾತಿಲ್ಲ.

ಕೈ ಇಲ್ಲದೆ ಕಲಿಸುವುದು ವಿಚಿತ್ರ. ತೋರಿಸುವಂತಿಲ್ಲ, ಹೇಳಬೇಕು. ನಾನು ಎಂದೂ ಮಾತಿನಲ್ಲಿ ಯೋಚಿಸಿರಲಿಲ್ಲ. ಗಾಜಿನ ಸೂಜಿಯ ತುದಿಯನ್ನು ಎಷ್ಟು ಓರೆಯಾಗಿ ಮುರಿಯಬೇಕು, ಮೊಟ್ಟೆಯ ಪೊರೆ ಮೊದಲು ಒಳಕ್ಕೆ ತಗ್ಗಿ ಆಮೇಲೆ ಬಿಟ್ಟುಕೊಡುತ್ತದೆ, ಬಿಟ್ಟುಕೊಟ್ಟ ಕ್ಷಣವೇ ಕೈ ನಿಲ್ಲಬೇಕು, ಅಲ್ಲಿ ಉಸಿರೂ ಬಿಡಬಾರದು, ಆಮೇಲೆ ದ್ರಾವಣ ಬಿಡುವ ಕಾಲಡಿಯ ಪೆಡಲು ಒಂದೇ ಸಲ. ಹೇಳಿ ಹೇಳಿ ಗಂಟಲು ಒಣಗಿತು. ಹದಿನಾಲ್ಕು ಸೂಜಿ ಮುರಿದಳು. ಹದಿನೈದನೆಯದು ಮುರಿದಾಗ, “ಥೂ, ನನ್ನ ಕೈಗೂ ಏನೋ ರೋಗ!” ಎಂದು ಸಿಡಿದಳು. ತಕ್ಷಣ ನನ್ನ ಕಡೆ ನೋಡಿದಳು, ನಾಲಿಗೆ ಕಚ್ಚಿಕೊಂಡ ಹಾಗೆ.

“ನಾನು ಮೊದಲ ವಾರ ಮೂವತ್ತು ಮುರಿದಿದ್ದೆ,” ಎಂದೆ. “ಆಗ ಇದ್ದ ದೊಡ್ಡ ಸಾಹೇಬರು, ಇದೇನು ಹೊಲಿಗೆ ಕ್ಲಾಸಾ ಅಂತ ಕೇಳಿದ್ದರು.”

ನಗಲಿಲ್ಲ. ಆದರೆ ಮುಂದಿನ ಸೂಜಿಯನ್ನು ನನ್ನ ಕೈಗೆ ಕೊಟ್ಟು, “ತುದಿ ಸರಿಯಾಗಿದೆಯಾ ನೋಡಿ,” ಎಂದಳು. ಎಡಗೈಯಲ್ಲಿ ಬೆಳಕಿಗೆ ಹಿಡಿದು ನೋಡಿದೆ. ಸರಿಯಾಗಿತ್ತು.

ಬರುವಾಗ ಟೊಮೆಟೊ ತಂದೆ. ಅಂಗಡಿಯವನು ಚೆನ್ನಾಗಿರುವುದನ್ನು ಕೆಳಗೆ ಮುಚ್ಚಿಟ್ಟಿದ್ದ, ಜಗಳ ಮಾಡಿ ಅವನ್ನೇ ತಂದೆ.

ಏಪ್ರಿಲ್ 24, ಗುರುವಾರ

ಇವತ್ತು ಕರೆಂಟು ಹೋಗಿತ್ತು, ಸಂಜೆ ಐದಕ್ಕೆ. ಭಾವ ಮತ್ತು ನಾನು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದೆವು. ಎದುರುಮನೆಯ ಹುಡುಗಿ ಸೈಕಲ್ ಕಲಿಯುತ್ತಾ ಬೀಳುತ್ತಿದ್ದಳು, ಏಳುತ್ತಿದ್ದಳು. ನಾನು ಕೇಳಿದೆ. ಕೇಳಬೇಕೆಂದು ಯೋಚಿಸಿರಲಿಲ್ಲ.

“ಅವತ್ತು ಬೆಳಿಗ್ಗೆ ಅಕ್ಕ ನಾನೆಲ್ಲಿ ಅಂತ ಕೇಳಿದ್ಲಾ ಭಾವ?”

ಅವತ್ತು ಅಕ್ಕ ಆಸ್ಪತ್ರೆಯಲ್ಲಿ ಹನ್ನೊಂದನೆಯ ದಿನ. ಡಾಕ್ಟರು ಪರವಾಗಿಲ್ಲ ಎಂದಿದ್ದರು. ಮೊಟ್ಟೆಯ ದಿನವಾಗಿದ್ದರಿಂದ ನಾನು ಕೆಲಸಕ್ಕೆ ಹೋಗಿದ್ದೆ. ಎಂಟಕ್ಕೆ ಅವಳು ಹೋಗಿದ್ದಳು. ನನಗೆ ತಿಳಿದಾಗ ಒಂಬತ್ತೂವರೆ, ನೂರ ಇಪ್ಪತ್ತೂ ಮುಗಿದಿದ್ದವು.

ಭಾವ ಸುಳ್ಳು ಹೇಳಬಹುದಿತ್ತು. “ಇಲ್ಲ ಮರಿ. ಯಾರನ್ನೂ ಕೇಳಲಿಲ್ಲ. ಕಿಟಕಿ ಹಾಕಿ, ಗಾಳಿ ಅಂದ್ಲು. ಹಾಕೋಕೆ ಎದ್ದೆ. ಚಿಲಕ ಬಿಗಿಯಾಗಿತ್ತು, ಎರಡೂ ಕೈಯಲ್ಲಿ ಒತ್ತಿದೆ. ತಿರುಗಿ ನೋಡಿದಾಗ ಇರಲಿಲ್ಲ.”

ಅಂಗಿಯ ತೋಳು ಮಡಚಿಕೊಳ್ಳುತ್ತಾ, “ನೀನು ಅಲ್ಲಿರಲಿಲ್ಲ ಅಂತ ನೀನು ಕೊರಗ್ತೀಯ. ನಾನೂ ಇರಲಿಲ್ಲ ಅಂತಲೇ ಲೆಕ್ಕ. ಕಿಟಕಿ ಹತ್ರ ಇದ್ದೆ,” ಎಂದರು.

ಅವರ ಅಂಗಿಯ ಗುಂಡಿಯೊಂದು ಕಿತ್ತುಬರುವಂತಿತ್ತು. ಬಿಚ್ಚಿಕೊಡಿ, ಹೊಲಿದುಕೊಡ್ತೀನಿ ಎಂದೆ. ಎಡಗೈಯಲ್ಲಿ ಹೊಲಿದೆ, ಮುಕ್ಕಾಲು ಗಂಟೆ ಹಿಡಿಯಿತು, ಸೊಟ್ಟಗಿದೆ. ಅವರು ಕೂತೇ ಇದ್ದರು. ಕರೆಂಟು ಬಂದ ಮೇಲೂ ಕೂತಿದ್ದೆವು.

ಮೇ 6, ಮಂಗಳವಾರ

ಇವತ್ತು ಪಟಾಕಿಯ ಕೈ. ನಲವತ್ತು ನಲವತ್ತು, ಎರಡು ತಟ್ಟೆ. ಯಾವುದರಲ್ಲಿ ಏನಿದೆ ಎಂದು ಅವಳಿಗೂ ನನಗೂ ಗೊತ್ತಿರಬಾರದೆಂದು ಮೇಡಂ ಮುಚ್ಚಳಗಳ ಮೇಲೆ ಬರೀ ಅಕ್ಷರ ಬರೆದಿದ್ದರು. ಏಳೂವರೆಗೆ ಶುರು, ಎಂಟಕ್ಕೆ ಮುಗಿಸಿದಳು. ಒಂದು ಸೂಜಿಯೂ ಮುರಿಯಲಿಲ್ಲ. ನಾನು ಪಕ್ಕದಲ್ಲಿ ನಿಂತು ಅವಳ ಬದಲು ಉಸಿರು ಹಿಡಿದಿದ್ದೆನಂತೆ. ‘ಆಂಟಿ, ನೀವಾದರೂ ಉಸಿರಾಡಿ’ ಎಂದಳು.

ಎರಡು ಗಂಟೆಗೆ ಚೀಲ ತೆಗೆದುಕೊಂಡೆ. ಬಾಗಿಲವರೆಗೆ ಹೋದೆ. ಚೀಲ ಇಟ್ಟು ವಾಪಸ್ ಬಂದು ಕೂತೆ. ಕಾರಣ ಏನೂ ಇಲ್ಲ, ಮನೆಯಲ್ಲಿ ಕೆಲಸವೇನಿರಲಿಲ್ಲ.

ಐದೂವರೆಗೆ ‘ಅ’ ತಟ್ಟೆಯ ಮೂವತ್ತೆಂಟು ಮುಚ್ಚಿಕೊಂಡವು. ‘ಆ’ ತಟ್ಟೆಯವು ಮುಕ್ಕಾಲು ಮಾತ್ರ ಮುಚ್ಚಿದ್ದವು. ಮೇಡಂ ಚೀಟಿ ತೆರೆದು ನೋಡಿದರು: ‘ಆ’ ಜೀನ್ ಸುಮ್ಮನಾಗಿಸಿದ್ದು. ಪಟಾಕಿಯ ಮುಖ ಬಿಳಿಚಿತು. “ನಿಂತುಹೋದವಾ?”

“ಕಾದು ನೋಡೋಣ,” ಎಂದೆ. ಮೇಡಂಗೆ ಹೋಗಬೇಕಿತ್ತು, ಹೋದರು.

ಆರೂವರೆ. ಏಳು. ಸೂಕ್ಷ್ಮದರ್ಶಕಕ್ಕೆ ಸರದಿಯಲ್ಲಿ ಕಣ್ಣಿಟ್ಟೆವು. ಹದಿನೇಳು ವರ್ಷದಲ್ಲಿ ಲಕ್ಷಗಟ್ಟಲೆ ಮೊಟ್ಟೆಗೆ ಚುಚ್ಚಿರಬೇಕು. ಚುಚ್ಚಿ ಮನೆಗೆ ಹೋಗುತ್ತಿದ್ದೆ, ಎಣಿಸುವವರು ಬೇರೆ. ಒಂದಾದರೂ ಬಾಯಿ ಮುಚ್ಚುವುದನ್ನು ನಾನು ಕಂಡಿರಲಿಲ್ಲ. ಮೊದಲು ಕೆಳಗೆ ಹಳದಿಯ ಒಂದು ದುಂಡು ಉಬ್ಬು ಕಾಣುತ್ತದೆ. ಸುತ್ತ ತೆಳುವಾದ ಅಂಚು. ಅಂಚು ಚಲಿಸುವುದು ಕಾಣುವುದಿಲ್ಲ, ಆದರೆ ಒಮ್ಮೆ ಕಣ್ಣು ತೆಗೆದು ಮತ್ತೆ ಇಟ್ಟರೆ ಉಬ್ಬು ಚಿಕ್ಕದಾಗಿರುತ್ತದೆ. ಆಮೇಲೆ ಗುಂಡುಸೂಜಿಯ ತಲೆಯಷ್ಟು. ಆಮೇಲೆ ಚುಕ್ಕೆ. ಆಮೇಲೆ ಚುಕ್ಕೆಯಿದ್ದ ಜಾಗ.

“ಒಂದು,” ಎಂದಳು ಪಟಾಕಿ. ಏಳು ಹನ್ನೆರಡಕ್ಕೆ. ಎಂಟು ಗಂಟೆಗೆ ಮೂವತ್ತೈದು ಮುಗಿದಿದ್ದವು. ಅರ್ಧಕ್ಕೆ ನಿಂತದ್ದು ಒಂದೂ ಇಲ್ಲ. ಒಂದೂ ಇಲ್ಲ ಎಂದರೆ ತಪ್ಪು, ನಾಲ್ಕು ಒಡೆದಿದ್ದವು, ಅವು ಅವಳ ಕೈಯವು. ಒಂದು ಮಾತ್ರ ಇನ್ನೂ ಮುಚ್ಚಿರಲಿಲ್ಲ.

“ಅಂದ್ರೆ ಈ ಜೀನ್ ಇಲ್ಲದಿದ್ರೂ ಮುಚ್ಚತ್ತೆ. ತಡವಾಗಿ ಮುಚ್ಚತ್ತೆ, ಅಷ್ಟೇ,” ಎಂದಳು ಪಟಾಕಿ. “ನನ್ನ ದೊಡ್ಡ ಪ್ರಬಂಧ ಹೋಗಿ ಚಿಕ್ಕ ಪ್ರಬಂಧ ಆಯ್ತು.” ಅಳುತ್ತಾಳೆಂದುಕೊಂಡೆ. ಪೆನ್ನು ತೆಗೆದು ಹೊತ್ತು ಬರೆದುಕೊಳ್ಳತೊಡಗಿದಳು. “ಎಷ್ಟು ತಡ, ಯಾಕೆ ತಡ, ಇದನ್ನ ಯಾರೂ ಕೇಳಿಲ್ಲ ಅಲ್ವಾ ಆಂಟಿ? ಬೇರೆ ಯಾವ ಜೀನ್ ಬಂದು ಎಳೆ ಕಟ್ತಿದೆ ಹಾಗಾದ್ರೆ?” ಹತ್ತು ಪ್ರಶ್ನೆ ಸಿಡಿದವು.

ಅವಳು ಬಿಸಿನೀರು ತರಲು ಹೋದಾಗ ಮನೆಗೆ ತಿಳಿಸಬೇಕೆಂದು ಫೋನ್ ತೆಗೆದೆ. ಬೆರಳಿಗೆ ಅಭ್ಯಾಸವಾದ ಹೆಸರನ್ನು ಒತ್ತಿದೆ. ರಿಂಗಾದ ಮೇಲೆ ನೋಡಿದೆ, ಅಕ್ಕನ ಹೆಸರು. ಕತ್ತರಿಸುವ ಮುಂಚೆಯೇ ಆ ಕಡೆಯಿಂದ ಭಾವ ಎತ್ತಿದರು.

“ಹಲೋ.”

ಅವಳ ಫೋನಿಗೆ ಇಷ್ಟು ದಿನವೂ ಚಾರ್ಜು ಮಾಡಿಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ.

“ತಡವಾಗುತ್ತೆ ಭಾವ,” ಎಂದೆ. “ಒಂದು ಬಾಕಿ ಇದೆ.” ಆಮೇಲೆ ನಿಲ್ಲಿಸಲಾಗಲಿಲ್ಲ. ‘ಅ’ ತಟ್ಟೆ, ‘ಆ’ ತಟ್ಟೆ, ಹಳದಿಯ ಉಬ್ಬು, ಅದು ಚುಕ್ಕೆಯಾಗುವುದು, ಹೋಗುವುದು, ಪಟಾಕಿ ಒಂದೂ ಸೂಜಿ ಮುರಿಯದಿದ್ದದ್ದು, ಎಲ್ಲವನ್ನೂ ಹೇಳಿದೆ. ಅಕ್ಕನಿಗೆ ಹೇಳುವಾಗ ಹೇಳುತ್ತಿದ್ದ ಹಾಗೇ, ಅಡ್ಡಾದಿಡ್ಡಿಯಾಗಿ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಮುಗಿಯಿತೆಂದುಕೊಂಡು ಸುಮ್ಮನಾದೆ.

“ಆಮೇಲೆ?” ಎಂದರು ಭಾವ.

“ಆಮೇಲೆ ಬೆನ್ನು ಮೂಡತ್ತೆ. ನಾಳೆ ಈ ಹೊತ್ತಿಗೆ ಬಾಲ.”

“ಸರಿ. ಆ ಉಳಿದಿರೋದು ಮುಚ್ಚಿದ ಮೇಲೆ ಇನ್ನೊಂದು ಸಲ ಮಾಡು. ಇದೇ ಫೋನಿಗೆ ಮಾಡು.”